ಚೋಮನ ಸೈಟು

ಸರ್ಕಾರದವರು ಸಾಹಿತ್ಯ ಓದುವುದಿಲ್ಲ ಎಂದು ದೂರುವವರು ಒಮ್ಮೆ ಯಲಹಂಕದ ಕಡೆ ಹೋಗಿ ಬರಬೇಕು. ಅಲ್ಲಿ 17 ಹಳ್ಳಿಗಳ 3,546 ಎಕರೆ 12 ಗುಂಟೆ ಜಮೀನಿಗೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಇಟ್ಟಿರುವ ಹೆಸರು ಡಾ. ಶಿವರಾಮ ಕಾರಂತ ಬಡಾವಣೆ. ಉಳಲು ತುಂಡು ನೆಲ ಬೇಕೆಂದು ಆಸೆಪಟ್ಟು, ಜೋಡಿ ಎತ್ತು ಕಟ್ಟಿಕೊಂಡು ಕಾದು, ನೆಲ ಸಿಗದೆ ದುಡಿ ಬಡಿಯುತ್ತಲೇ ಪ್ರಾಣ ಬಿಟ್ಟ ಚೋಮನ ಕಥೆ ಬರೆದವರು ಕಾರಂತರು. ಸೈಟು ಹಂಚುತ್ತೇವೆನ್ನುವ ಬಡಾವಣೆಗೆ ಇದಕ್ಕಿಂತ ಪ್ರಾಮಾಣಿಕ ಹೆಸರು ಸಿಗುತ್ತಿರಲಿಲ್ಲ. ಅರ್ಜಿ ಹಾಕುವ ಮೊದಲೇ ಕಥೆಯ ಕೊನೆ ಹೇಳಿಬಿಟ್ಟಿದ್ದಾರೆ.

ಕಾರಂತರು ತೀರಿಕೊಂಡದ್ದು 1997ರಲ್ಲಿ. ಬಡಾವಣೆಯ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2008ರ ಡಿಸೆಂಬರ್ 30ರಂದು. ಅಲ್ಲಿಂದ ಹತ್ತು ವರ್ಷ ಬಡಾವಣೆ ಕಡತದಲ್ಲೇ ಹುಟ್ಟಿ, ಕಡತದಲ್ಲೇ ಸೊರಗಿತು. ಈ ಸರ್ವೆ ನಂಬರ್ ಕೈಬಿಡಿ ಎಂದು ಒಂದು ಟಿಪ್ಪಣಿ, ಆ ಸರ್ವೆ ನಂಬರ್ ಕೈಬಿಡಿ ಎಂದು ಇನ್ನೊಂದು. ಕೊನೆಗೆ 2018ರ ಆಗಸ್ಟ್ 3ರಂದು ಸುಪ್ರೀಂ ಕೋರ್ಟ್, ಈ ಆಟ ಸಾಕು, ಮೂರು ತಿಂಗಳಲ್ಲಿ ಅಂತಿಮ ಅಧಿಸೂಚನೆ ಹೊರಡಿಸಿ ಎಂದು ಗದರಿತು. ಅಕ್ಟೋಬರ್‌ನಲ್ಲೇ ಹೊರಟಿತು! ನಮ್ಮ ಕಚೇರಿಗಳಿಗೆ ಕೆಲಸ ಬರುವುದಿಲ್ಲ ಎಂದು ಇನ್ನು ಯಾರೂ ಹೇಳಬೇಡಿ. ಕೆಲಸ ಬರುತ್ತದೆ, ಮನಸ್ಸು ಬರುವುದಿಲ್ಲ, ಅಷ್ಟೆ.

ಆ ಹತ್ತು ವರ್ಷ ನೆಲ ಕೈಕಟ್ಟಿ ಕೂರಲಿಲ್ಲ. ಅಧಿಸೂಚನೆಯ ತೂಗುಗತ್ತಿ ನೆತ್ತಿಯ ಮೇಲಿರುವಾಗ ಬೋರ್‌ವೆಲ್ ಕೊರೆಸುವ ಧೈರ್ಯ ಯಾವ ರೈತನಿಗಿದೆ? ರಾಗಿ ಹೊಲ ಸುಣ್ಣದ ಗೆರೆ ಎಳೆಸಿಕೊಂಡು ರೆವಿನ್ಯೂ ಸೈಟಾಯಿತು. ಕೊಂಡವರು ಯಶವಂತಪುರದ ಮಂಡಿಯಲ್ಲಿ ಮೂಟೆ ಹೊತ್ತವರು, ಹೆಬ್ಬಾಳದ ಅಪಾರ್ಟ್‌ಮೆಂಟುಗಳಿಗೆ ಗಾರೆ ಮೆತ್ತಿದವರು, ಚೀಟಿ ಎತ್ತಿ, ತಾಳಿಸರ ಅಡವಿಟ್ಟು ಮುಂಗಡ ಕೊಟ್ಟವರು. ಈ ಊರಿನಲ್ಲಿ ಬಡವನ ಕೈಗೆ ಎಟಕಿದ ವಸತಿ ಯೋಜನೆ ನಿಜಕ್ಕೂ ಇದೊಂದೇ. ಇದಕ್ಕೆ ಮಂತ್ರಿಯಿಲ್ಲ, ಲಾಂಛನವಿಲ್ಲ, ಶಂಕುಸ್ಥಾಪನೆಯಿಲ್ಲ. ಗೃಹಪ್ರವೇಶಕ್ಕೆ ಸರ್ಕಾರದ ಕಡೆಯಿಂದ ಯಾರೂ ಬರುವುದಿಲ್ಲ. ಆಮೇಲೆ ಎಂದಾದರೊಂದು ದಿನ ಜೆಸಿಬಿ ಬರುತ್ತದೆ. ಯಾವ ಮನೆ ಉಳಿಯಬೇಕು, ಯಾವುದು ಹೋಗಬೇಕು ಎಂದು ವಿಂಗಡಿಸಲು ಸುಪ್ರೀಂ ಕೋರ್ಟೇ 2020ರ ಡಿಸೆಂಬರ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ಸಮಿತಿ ಮಾಡಬೇಕಾಯಿತು.

ಇದು ಈ ದಿಕ್ಕಿನ ಮೊದಲ ನಾಟಕವೂ ಅಲ್ಲ. ಜಕ್ಕೂರು, ಥಣಿಸಂದ್ರ, ಸಂಪಿಗೆಹಳ್ಳಿಯ ಬದಿಗೆ ಅರ್ಕಾವತಿ ಬಡಾವಣೆ ಇದೆ: 2003ರ ಪ್ರಾಥಮಿಕ ಅಧಿಸೂಚನೆ, 16 ಹಳ್ಳಿ, 2004ರ ಅಂತಿಮ ಅಧಿಸೂಚನೆಯಲ್ಲಿ 2,750 ಎಕರೆ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನದಿ ನಕ್ಷೆಯಲ್ಲಿ ತುಂಬಿ ಹರಿಯುತ್ತದೆ, ನೆಲದ ಮೇಲೆ ಮಾತ್ರ ಹುಡುಕಬೇಕು. ಬಡಾವಣೆಯೂ ಹೆಸರಿಗೆ ತಕ್ಕಂತೆ ನಡೆದುಕೊಂಡಿತು. 2006ರಲ್ಲಿ ಹಂಚಿಕೆ ಪತ್ರ ಪಡೆದವರಲ್ಲಿ ಎಷ್ಟೋ ಜನ ದಶಕ ಕಳೆದರೂ ತಳಪಾಯ ತೋಡಲಿಲ್ಲ. ಅಧಿಸೂಚನೆಯಿಂದ ಜಮೀನು ಕೈಬಿಟ್ಟ ಆರೋಪ ‘ರೀಡೂ’ ಎಂಬ ಹೊಸ ಪದವನ್ನು ಕನ್ನಡಕ್ಕೆ ಕೊಟ್ಟಿತು. 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ ಕೂತಿತು, 2017ರಲ್ಲಿ ವರದಿ ಬಂತು. ಸೂರಿಲ್ಲದವರಿಗೆ ಸೂರು ಕೊಡಲು ಹೊರಟವರು ಕೊನೆಗೆ ಸೂರು ಕೊಟ್ಟದ್ದು ಒಂದು ಆಯೋಗಕ್ಕೆ.

ಸೈಟು ಹಂಚಿಕೆಯ ನಿಯಮವನ್ನು ಓದಿದರೆ ಕಣ್ಣು ತೇವವಾಗುತ್ತದೆ. ಎಷ್ಟು ಸಲ ಅರ್ಜಿ ಹಾಕಿ ಸೋತಿದ್ದೀರಿ ಎನ್ನುವುದೂ ಅಲ್ಲಿ ಒಂದು ಅರ್ಹತೆ. ಆರ್.ಟಿ. ನಗರದ ವಠಾರದಲ್ಲಿ ಬಾಡಿಗೆಗಿರುವ ಗುಮಾಸ್ತರೊಬ್ಬರನ್ನು ಊಹಿಸಿಕೊಳ್ಳಿ. ಪ್ರತಿ ಸೋಲೂ ಅವರ ಸೀನಿಯಾರಿಟಿ. ಹೆಂಡತಿ ದೇವರ ಮುಂದೆ ತುಪ್ಪದ ದೀಪ ಹಚ್ಚಿ, “ರೀ, ಇನ್ನೊಂದೇ ಒಂದು ಸಲ ಸೋತುಬಿಡಿ, ಆಮೇಲೆ ಸಿಕ್ಕೇ ಸಿಗುತ್ತೆ” ಎಂದು ಹರಸುತ್ತಾರೆ. ಚೋಮನಿಗೆ ಎತ್ತು ಎರಡಿದ್ದವು. ಇವರಿಗೆ ಆಧಾರ್ ಮತ್ತು ಪ್ಯಾನ್ ಎಂಬ ಜೋಡಿ ಇದೆ. ನೆಲ ಮಾತ್ರ ಇಬ್ಬರಿಗೂ ಇಲ್ಲ. ಒಮ್ಮೆಯೂ ಸೋಲದೆ ಸೈಟು ಗೆದ್ದವರೂ ಇದ್ದಾರೆನ್ನಿ. ಮುಖ್ಯಮಂತ್ರಿಗಳ ವಿವೇಚನೆಯ ‘ಜಿ ಕೆಟಗರಿ’ ಎಂಬ ಪುಣ್ಯಕ್ಷೇತ್ರ ಇದ್ದದ್ದೇ ಅವರಿಗಾಗಿ. ಅಲ್ಲಿ ಸರದಿ ಸಾಲಿಲ್ಲ, ನೇರ ದರ್ಶನ.

ಎಲ್ಲರಿಗೂ ಸೇರಿದ ನೆಲದ ಕಥೆ ಇನ್ನೂ ಸೊಗಸು. ಬಡಾವಣೆಯಲ್ಲಿ ಶೇ 15ರಷ್ಟು ಜಾಗ ಉದ್ಯಾನ, ಆಟದ ಮೈದಾನಕ್ಕೆ, ಮತ್ತೆ ಶೇ 10ರಷ್ಟು ನಾಗರಿಕ ಸೌಕರ್ಯಕ್ಕೆ ಇರಲೇಬೇಕು ಎನ್ನುತ್ತದೆ ಬಿಡಿಎ ಕಾಯ್ದೆ. ಸೌಕರ್ಯದ ಆ ಜಾಗವೇ ಸಿಎ ಸೈಟು. ಅದನ್ನು 30 ವರ್ಷಕ್ಕೆ ಗುತ್ತಿಗೆ ಕೊಡುತ್ತಾರೆ, ಸಾರ್ವಜನಿಕ ಸೇವೆಗೆಂದು. ಸಾರ್ವಜನಿಕರು ಎಂದರೆ ಬಹುಪಾಲು ಟ್ರಸ್ಟಿನ ಅಧ್ಯಕ್ಷರು, ಅವರ ಶ್ರೀಮತಿ ಮತ್ತು ಅಳಿಯ. ಕೆರೆಗೂ ಈ ಭಾಗ್ಯ ತಪ್ಪಲಿಲ್ಲ: ಹೆಬ್ಬಾಳ ಕೆರೆಯನ್ನೇ 2006ರಲ್ಲಿ ಹೋಟೆಲು ಕಂಪನಿಯೊಂದಕ್ಕೆ ಗುತ್ತಿಗೆ ಬರೆದಿದ್ದರು. ಪುತ್ತೂರಿನ ಗುಡ್ಡದಲ್ಲಿ ಊರ ಮಕ್ಕಳಿಗೆಲ್ಲ ಬಾಲವನ ಕಟ್ಟಿದ ಕಾರಂತರಿಗೆ ಸಿಎ ಸೈಟು ಎಂಬ ಸೂಕ್ಷ್ಮ ಗೊತ್ತಿರಲಿಲ್ಲ, ಪಾಪ.

ಇದನ್ನೆಲ್ಲ ಸ್ಥಳೀಯ ಸರ್ಕಾರವನ್ನೇ ಕೇಳಬಾರದೇಕೆ ಎನ್ನುತ್ತೀರಾ? ಕೇಳೋಣ, ಅದು ಇರಬೇಕಲ್ಲ! ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಇದ್ದ ಒಂದು ಪಾಲಿಕೆ ಐದಾಯಿತು. ಒಬ್ಬ ಕಾರ್ಪೊರೇಟರ್ ಇಲ್ಲದ ಕಡೆ ಐದು ಪಾಲಿಕೆ ತುಂಬ ಕಾರ್ಪೊರೇಟರ್‌ಗಳಿಲ್ಲದಂತಾಯಿತು. ಇದೂ ಒಂದು ಅಭಿವೃದ್ಧಿಯೇ. ಬಡವರಿಗೆ ಬೆಂಗಳೂರಿನಲ್ಲಿ ಒಂದು ಲಕ್ಷ ಬಹುಮಹಡಿ ಮನೆ ಎಂಬ ಮುಖ್ಯಮಂತ್ರಿಗಳ ಯೋಜನೆಗೆ 2017ರಲ್ಲೇ ಅರ್ಜಿ ಕರೆದಿದ್ದರು. ಪಕ್ಷ ಯಾವುದೇ ಇರಲಿ, ಆಮೇಲೆ ಬಂದ ಪ್ರತಿಯೊಬ್ಬ ಮುಖ್ಯಮಂತ್ರಿಯೂ ಆ ಲಕ್ಷವನ್ನು ಲಕ್ಷ್ಯದಲ್ಲೇ ಇಟ್ಟುಕೊಂಡಿದ್ದಾರೆ. ಲೆಕ್ಕ ಲಕ್ಷ ಮುಟ್ಟಿಲ್ಲ.

ಬೋರ್ಡ್ ಬರೆಸುವ ಉತ್ಸಾಹದಲ್ಲಿ ನಮ್ಮವರು ಮರೆತ ಒಂದು ಸಂಗತಿ ಇದೆ. ತುರ್ತು ಪರಿಸ್ಥಿತಿ ಹೇರಿದಾಗ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ದೆಹಲಿಗೇ ವಾಪಸು ಕಳಿಸಿದವರು. ಇವತ್ತು ಇದ್ದಿದ್ದರೆ ಈ ಬಡಾವಣೆಯನ್ನೂ ಕವರಿಗೆ ಹಾಕಿ, ಅಂಚೆಚೀಟಿ ಹಚ್ಚಿ, ಬಿಡಿಎ ಆಯುಕ್ತರ ವಿಳಾಸಕ್ಕೆ ರಿಜಿಸ್ಟರ್ಡ್ ಪೋಸ್ಟ್ ಮಾಡುತ್ತಿದ್ದರು.