ಸನ್ಮಾನ್ಯ ಜನೇಚ್ಛೆಯವರಿಗೊಂದು ಬಹಿರಂಗ ಪತ್ರ

ಇವರಿಗೆ,
ಸನ್ಮಾನ್ಯ ಜನೇಚ್ಛೆಯವರು,
ಯುನೈಟೆಡ್ ಕಿಂಗ್‌ಡಂ (ಖಚಿತ ವಿಳಾಸ ಲಭ್ಯವಿರುವುದಿಲ್ಲ)

ವಿಷಯ: ಯುರೋಪಿಯನ್ ಒಕ್ಕೂಟದಿಂದ ಹೊರಬರುವ ಬಗ್ಗೆ ನೀಡಲಾದ ಮುಖ್ತಿಯಾರ್ ಪತ್ರಕ್ಕೆ ಸ್ಪಷ್ಟೀಕರಣ ಕೋರಿ.
ಉಲ್ಲೇಖ: ದಿನಾಂಕ 23-06-2016ರ ಮತಪತ್ರ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಬ್ರಿಟನ್ನಿನ ಇತ್ತೀಚಿನ ರಾಜಕೀಯ ಚರಿತ್ರೆಯಲ್ಲಿ ಜನೇಚ್ಛೆಯವರಷ್ಟು ಸಲ ಹೆಸರು ಹೇಳಿಸಿಕೊಂಡೂ ಯಾರ ಕೈಗೂ ಸಿಗದ ಗಣ್ಯರು ಮತ್ತೊಬ್ಬರಿಲ್ಲ. ಪ್ರಧಾನಿಗಳು ಅವರ ಅಪ್ಪಣೆಯನ್ನೇ ಪಾಲಿಸುತ್ತಿರುವುದಾಗಿ ಹೇಳಿದರು, ಎದುರಾಳಿಗಳು ಅವರ ಮನಸ್ಸು ಈಗ ಬದಲಾಗಿದೆ ಎಂದರು, ಒಂದು ಪತ್ರಿಕೆಯಂತೂ ಅವರ ಶತ್ರುಗಳ ಭಾವಚಿತ್ರಗಳನ್ನೇ ಮುಖಪುಟದಲ್ಲಿ ಅಚ್ಚು ಹಾಕಿತು. ಇಷ್ಟೊಂದು ಮಂದಿ ಪೈಪೋಟಿಯಿಂದ ವಕಾಲತ್ತು ವಹಿಸಿದ ಈ ಕಕ್ಷಿದಾರರು ಸ್ವತಃ ಬಾಯಿಬಿಟ್ಟದ್ದು ಒಂದೇ ಒಂದು ಗುರುವಾರ, ಅದೂ ಪೆನ್ಸಿಲಿನಿಂದ ಗೀಚಿದ ಒಂದು ಕತ್ತರಿ ಗುರುತಿನ ಮೂಲಕ. ಪೆನ್ಸಿಲಿನ ಗುರುತನ್ನು ಸರ್ಕಾರದವರು ಅಳಿಸಿಬಿಟ್ಟಾರು ಎಂಬ ಗುಮಾನಿಯಿಂದ ಮನೆಯಿಂದಲೇ ಪೆನ್ನು ತಂದ ಮತದಾರರೂ ಇದ್ದರೆಂಬುದನ್ನು ಇಲ್ಲಿ ದಾಖಲಿಸಬೇಕು. ಗುರುತು ಅಳಿಯಲಿಲ್ಲ, ಅದರ ಅರ್ಥವಷ್ಟೇ ದಿನಕ್ಕೊಂದು ಬಗೆಯಾಗಿ ಬದಲಾಯಿತು.

ಯುರೋಪಿಯನ್ ಒಕ್ಕೂಟವೆಂದರೆ ಸರಕು, ಸೇವೆ, ಬಂಡವಾಳ ಮತ್ತು ದುಡಿಯುವ ಜನ ಗಡಿಯ ತಡೆಯಿಲ್ಲದೆ ಸಂಚರಿಸಲೆಂದು ಸದಸ್ಯ ದೇಶಗಳು ತಮ್ಮ ಕಾನೂನು ರಚಿಸುವ ಅಧಿಕಾರದ ಒಂದು ಪಾಲನ್ನು ಒಟ್ಟಾಗಿ ಚಲಾಯಿಸಲು ಒಪ್ಪಿಕೊಂಡಿರುವ ವ್ಯವಸ್ಥೆ. ಅದರ ಪೂರ್ವರೂಪವಾದ ಯುರೋಪಿಯನ್ ಸಮುದಾಯವನ್ನು ಬ್ರಿಟನ್ 1973ರ ಜನವರಿ 1ರಂದು ಸೇರಿತು. ಎರಡು ವರ್ಷಗಳ ತರುವಾಯ, 1975ರ ಜೂನ್ 5ರಂದು, ಜನಮತಗಣನೆ ನಡೆಯಿತು. ಎಂದರೆ, ಪ್ರತಿನಿಧಿಗಳನ್ನು ಆರಿಸುವ ಬದಲು ಒಂದು ಪ್ರಶ್ನೆಗೆ ಮತದಾರರೇ ನೇರ ಉತ್ತರ ಕೊಡುವ ಕ್ರಮವನ್ನು ಅನುಸರಿಸಲಾಯಿತು. ಅಂದು ಶೇಕಡಾ 67ರಷ್ಟು ಮತಗಳಿಂದ ಜನೇಚ್ಛೆಯವರು ಒಳಗೇ ಇರುವುದಾಗಿ ತಿಳಿಸಿದ್ದರು. 41 ವರ್ಷಗಳ ಬಳಿಕ ಅವರನ್ನು ಮತ್ತೆ ಕರೆಸಿದ್ದಕ್ಕೆ ಅವರ ಕಡೆಯ ಕಾರಣಕ್ಕಿಂತ ಕನ್ಸರ್ವೇಟಿವ್ ಪಕ್ಷದ ಮನೆಜಗಳವೇ ದೊಡ್ಡ ಕಾರಣ. ಅದನ್ನು ತಣ್ಣಗಾಗಿಸಲು ಪ್ರಧಾನಿ ಡೇವಿಡ್ ಕ್ಯಾಮರಾನ್ 2013ರಲ್ಲಿ ಜನಮತಗಣನೆಯ ಭರವಸೆ ಕೊಟ್ಟರು, 2016ರಲ್ಲಿ ಅದನ್ನು ಉಳಿಸಿಕೊಂಡರು, ಫಲಿತಾಂಶ ಬಂದ ಬೆಳಿಗ್ಗೆ ರಾಜೀನಾಮೆ ಘೋಷಿಸಿದರು. ಹೊರಬರಲು 1,74,10,742 ಮತಗಳು, ಉಳಿಯಲು 1,61,41,241 ಮತಗಳು ಬಿದ್ದಿದ್ದವು; ಶೇಕಡಾವಾರು ಹೇಳುವುದಾದರೆ 51.9 ಮತ್ತು 48.1. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಗೆ ಎಂದವು, ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಒಳಗೆ ಎಂದವು. ಆದರೆ ಜನೇಚ್ಛೆ ಏಕವಚನದ ಪದವಾದ್ದರಿಂದ ಈ ತೊಡಕು ಯಾರನ್ನೂ ಹೆಚ್ಚು ಹೊತ್ತು ಕಾಡಲಿಲ್ಲ.

ತೊಡಕು ಇದ್ದದ್ದು ಪ್ರಶ್ನೆಯಲ್ಲಿ. ಒಕ್ಕೂಟದ ಸದಸ್ಯತ್ವದಲ್ಲಿ ಉಳಿಯಬೇಕೇ ಅಥವಾ ಅದರಿಂದ ಹೊರಬರಬೇಕೇ ಎಂದಷ್ಟೇ ಮತಪತ್ರ ಕೇಳಿತ್ತು. ಹೊರಬಂದು ಎಲ್ಲಿಗೆ ಹೋಗಬೇಕೆಂಬುದಕ್ಕೆ ಅದರಲ್ಲಿ ಕಲಮು ಇರಲಿಲ್ಲ. ನಾರ್ವೆಯಂತೆ ಸದಸ್ಯತ್ವವಿಲ್ಲದೆಯೇ ಏಕ ಮಾರುಕಟ್ಟೆಯಲ್ಲಿ, ಎಂದರೆ ಒಂದೇ ಬಗೆಯ ವ್ಯಾಪಾರ ನಿಯಮಗಳುಳ್ಳ ವಲಯದಲ್ಲಿ, ಉಳಿಯಬಹುದಿತ್ತು. ಹೊರಗಿನ ಸರಕಿಗೆ ಎಲ್ಲರೂ ಒಂದೇ ದರದ ಸುಂಕ ವಿಧಿಸುವ ಸುಂಕ ಒಕ್ಕೂಟದಲ್ಲಷ್ಟೇ ಇರಬಹುದಿತ್ತು. ಕೆನಡಾದಂತೆ ದೂರದಿಂದ ಒಪ್ಪಂದ ಮಾಡಿಕೊಳ್ಳಬಹುದಿತ್ತು. ಯಾವುದೂ ಬೇಡವೆಂದು ಬರಿಗೈಯಲ್ಲಿ ಎದ್ದೂ ಬರಬಹುದಿತ್ತು. ಜನ ಜಿಪಿಎ ಎಂದು ಕರೆಯುವ ಮುಖ್ತಿಯಾರ್ ಪತ್ರದಲ್ಲಿ ಸ್ವತ್ತನ್ನು ವಿಲೇವಾರಿ ಮಾಡುವ ಅಧಿಕಾರವನ್ನು ಕೊಟ್ಟು, ಯಾರಿಗೆ, ಎಷ್ಟಕ್ಕೆ, ಯಾವಾಗ ಎಂಬ ಜಾಗಗಳನ್ನು ಖಾಲಿ ಬಿಟ್ಟು ರುಜು ಹಾಕಿದರೆ ಏನಾಗುವುದೆಂಬುದು ಉಪನೋಂದಣಾಧಿಕಾರಿಗಳ ಕಚೇರಿಯ ಮುಂದೆ ಕೂರುವ ಪತ್ರಬರಹಗಾರರಿಗೆಲ್ಲ ಗೊತ್ತಿರುವ ಸಂಗತಿ. ಕ್ಯಾಮರಾನ್ ಅವರ ಉತ್ತರಾಧಿಕಾರಿ ಥೆರೇಸಾ ಮೇ ಈ ಖಾಲಿ ಜಾಗವನ್ನು ತುಂಬಿದ ರೀತಿ ತರ್ಕಶಾಸ್ತ್ರಕ್ಕೆ ಒಂದು ಕೊಡುಗೆ: ಬ್ರೆಕ್ಸಿಟ್, ಎಂದರೆ ಬ್ರಿಟನ್ನಿನ ನಿರ್ಗಮನ, ಎಂದರೆ ಬ್ರೆಕ್ಸಿಟ್ಟೇ ಎಂದು ಅವರು ವಿವರಿಸಿದರು.

ಪ್ರಚಾರದ ಕಾಲದ ಗಣಿತವೂ ಇದೇ ದರ್ಜೆಯದಾಗಿತ್ತು. ಒಕ್ಕೂಟಕ್ಕೆ ವಾರಕ್ಕೆ 35 ಕೋಟಿ ಪೌಂಡ್ ಕಳಿಸುತ್ತಿರುವುದಾಗಿಯೂ ಅದನ್ನು ರಾಷ್ಟ್ರೀಯ ಆರೋಗ್ಯ ಸೇವೆಗೆ ಕೊಡಬಹುದೆಂಬಂತೆಯೂ ನಿರ್ಗಮನ ಪಕ್ಷದವರು ಕೆಂಪು ಬಸ್ಸೊಂದರ ಮೈಮೇಲೆ ಬರೆಸಿದರು. ಬ್ರಿಟನ್ನಿಗೆ ಸಿಗುತ್ತಿದ್ದ ರಿಯಾಯಿತಿಯನ್ನು ಕಳೆಯದ ಈ ಅಂಕಿ ದಾರಿ ತಪ್ಪಿಸುವಂಥದ್ದೆಂದು ಅಂಕಿಅಂಶಗಳ ಪ್ರಾಧಿಕಾರ ಹೇಳಿದರೂ ಬಸ್ಸು ನಿಲ್ಲಲಿಲ್ಲ. ಉಳಿಯುವ ಪಕ್ಷದವರೇನೂ ಕಡಿಮೆಯಿರಲಿಲ್ಲ. ಹೊರಬಂದರೆ ಪ್ರತಿ ಮನೆಗೆ ವರ್ಷಕ್ಕೆ 4,300 ಪೌಂಡ್ ನಷ್ಟವೆಂದು ಹಣಕಾಸು ಇಲಾಖೆ ನೂರರ ಲೆಕ್ಕದವರೆಗೂ ನಿಖರವಾಗಿ ಕಣಿ ಹೇಳಿತು; ತೆರಿಗೆ ಏರಿಸುವ ತುರ್ತು ಬಜೆಟ್ ತರಬೇಕಾಗುತ್ತದೆ ಎಂದು ಹಣಕಾಸು ಸಚಿವರು ಹೆದರಿಸಿದರು, ಆ ಬಜೆಟ್ ಬರಲೇ ಇಲ್ಲ. ಮತದಾನಕ್ಕೆ ಒಂದು ವಾರ ಮೊದಲು, ಜೂನ್ 16ರಂದು, ಉಳಿಯುವ ಪರವಾಗಿದ್ದ ಸಂಸದೆ ಜೋ ಕಾಕ್ಸ್ ಅವರ ಕೊಲೆಯಾಯಿತು. ಅದರ ಬಗ್ಗೆ ವಿಡಂಬನೆ ಸಲ್ಲದು.

ಸನ್ಮಾನ್ಯರು ವಿಶೇಷವಾಗಿ ಗಮನಿಸಬೇಕಾದದ್ದು ಅವರ ಎರಡೂ ಕಡೆಯ ವಕೀಲರ ಸಿದ್ಧಾಂತನಿಷ್ಠೆಯನ್ನು. ನಿರ್ಗಮನದ ಮುಂದಾಳು ನೈಜೆಲ್ ಫರಾಜ್, ಉಳಿಯುವವರು 52ಕ್ಕೆ 48ರಂತೆ ಗೆದ್ದರೆ ಅದು ಮುಗಿಯದ ವ್ಯವಹಾರವೇ ಆಗಿರುತ್ತದೆ ಎಂದು 2016ರ ಮೇ ತಿಂಗಳಲ್ಲೇ ಹೇಳಿಟ್ಟಿದ್ದರು. ಅಂಕಿ ಹಾಗೆಯೇ ಬಂತು, ಗೆದ್ದವರು ಮಾತ್ರ ಬೇರೆ. ವ್ಯವಹಾರ ಕೂಡಲೇ ಮುಗಿದುಹೋಯಿತು. ಇನ್ನೂ ಸೊಗಸಾದದ್ದು ಸಂಸತ್ತಿಗೆ ಸಲ್ಲಿಸಿದ ಒಂದು ಮನವಿಯ ಕಥೆ. ಶೇಕಡಾ 75ಕ್ಕಿಂತ ಕಡಿಮೆ ಮತದಾನವಾಗಿ, ಗೆದ್ದ ಪಕ್ಷಕ್ಕೆ ಶೇಕಡಾ 60 ಮತಗಳು ಸಿಗದಿದ್ದರೆ ಮತ್ತೊಮ್ಮೆ ಜನಮತಗಣನೆ ನಡೆಸಬೇಕೆಂದು ಕೋರಿದ ಆ ಮನವಿಗೆ 40 ಲಕ್ಷಕ್ಕೂ ಮಿಕ್ಕಿ ಸಹಿಗಳು ಬಿದ್ದವು. ಸಹಿ ಹಾಕಿದವರು ಬಹುತೇಕ ಸೋತ ಪಕ್ಷದವರು. ಆದರೆ ಅದನ್ನು ಮತದಾನಕ್ಕೆ ಮೊದಲೇ ಸಿದ್ಧಪಡಿಸಿಟ್ಟವರು ನಿರ್ಗಮನದ ಬೆಂಬಲಿಗರೊಬ್ಬರು, ತಮ್ಮವರು ಸೋತರೆ ಬೇಕಾದೀತೆಂದು. ಮಾಡಿಟ್ಟ ಅಡುಗೆಯನ್ನು ಪಕ್ಕದ ಮನೆಯವರು ಉಂಡರು. ಇದರಿಂದ ಹೊರಡುವ ತೀರ್ಮಾನ ಸ್ವಲ್ಪ ಕಹಿಯಾದರೂ ಹೇಳಲೇಬೇಕಾದದ್ದು: ಫಲಿತಾಂಶ ತಿರುಗುಮುರುಗಾಗಿದ್ದರೆ ಎರಡೂ ಪಕ್ಷಗಳು ತಮ್ಮ ಭಾಷಣದ ಹಾಳೆಗಳನ್ನು ಅದಲುಬದಲು ಮಾಡಿಕೊಂಡು ಅದೇ ಆವೇಶದಿಂದ ಓದುತ್ತಿದ್ದವು.

ಜನೇಚ್ಛೆಯವರ ಕುಟುಂಬದಲ್ಲಿ ಯಾರು ಯಾರು ಸೇರಿದ್ದರೆಂಬುದು ಕನ್ನಡಿಗರಿಗೂ ಸಂಬಂಧಿಸಿದ ವಿಚಾರ. ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಅಲ್ಲಿ ವಾಸವಿರುವ ಕಾಮನ್‌ವೆಲ್ತ್ ದೇಶಗಳ, ಎಂದರೆ ಬಹುಮಟ್ಟಿಗೆ ಹಿಂದಿನ ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದ್ದ ದೇಶಗಳ, ಪ್ರಜೆಗಳಿಗೂ ಮತವಿದೆ, ಮತ್ತು ಈ ಜನಮತಗಣನೆಗೂ ಅದೇ ನಿಯಮ ಅನ್ವಯಿಸಿತು. ಹೀಗಾಗಿ ಕೆಲಸದ ವೀಸಾದ ಮೇಲೆ ಬೆಂಗಳೂರಿನಿಂದ ಹಿಂದಿನ ವರ್ಷವಷ್ಟೇ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೊಂಡ ಸಾಫ್ಟ್‌ವೇರ್ ಎಂಜಿನಿಯರು ಬ್ರಿಟನ್ ಯುರೋಪಿನಲ್ಲಿ ಇರಬೇಕೇ ಬೇಡವೇ ಎಂದು ತೀರ್ಮಾನಿಸಬಹುದಾಗಿತ್ತು. 30 ವರ್ಷ ಲಂಡನ್ನಿನಲ್ಲೇ ತೆರಿಗೆ ಕಟ್ಟಿ, ಮಕ್ಕಳನ್ನು ಅಲ್ಲೇ ಬೆಳೆಸಿದ ಇಟಲಿಯ ಪ್ರಜೆಗೆ ಆ ಹಕ್ಕು ಇರಲಿಲ್ಲ. ಸಾಮ್ರಾಜ್ಯದ ಸಾಲ ಇಂಥ ವಿಚಿತ್ರ ಕಂತುಗಳಲ್ಲಿ ತೀರುತ್ತದೆ. ವಲಸೆ ತಗ್ಗಲೆಂದು ಮತ ಹಾಕಿದವರಿಗೆ ಸಿಕ್ಕ ಫಲವನ್ನೂ ಇಲ್ಲಿಯೇ ಹೇಳಿಬಿಡಬಹುದು. 2023ರ ಹೊತ್ತಿಗೆ ಬ್ರಿಟನ್ನಿನ ನಿವ್ವಳ ವಲಸೆ, ಎಂದರೆ ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ, ವರ್ಷಕ್ಕೆ 9 ಲಕ್ಷವನ್ನು ಮೀರಿ ದಾಖಲೆ ಮಾಡಿತು. ಯುರೋಪಿನವರು ಕಡಿಮೆಯಾದರು, ಬಂದವರಲ್ಲಿ ಭಾರತೀಯರು ಮುಂಚೂಣಿಯಲ್ಲಿದ್ದರು.

ಇನ್ನು ಸಂಸತ್ತು. ನಿರ್ಗಮನದ ನೋಟಿಸು ಕೊಡಲು ಸಂಸತ್ತಿನ ಅನುಮತಿ ಬೇಕೆಂದು ಹೇಳಿದ ಉಚ್ಚ ನ್ಯಾಯಾಲಯದ ಮೂವರು ನ್ಯಾಯಾಧೀಶರೇ 2016ರ ನವೆಂಬರಿನಲ್ಲಿ ಆ ಮುಖಪುಟದ ಶತ್ರುಗಳಾದವರು. ಸಂಸತ್ತಿನ ಪರಮಾಧಿಕಾರವನ್ನು ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಿಂದ ಮರಳಿ ತರಲು ಹೊರಟವರಿಗೆ ಅದು ಲಂಡನ್ನಿನಲ್ಲೇ ಸಿಕ್ಕಿಬಿಟ್ಟದ್ದು ಕಿರಿಕಿರಿಯಾಯಿತು. ಮೇ ಅವರು ಒಕ್ಕೂಟದೊಡನೆ ಮಾಡಿಕೊಂಡ ಒಪ್ಪಂದವನ್ನು 2019ರ ಜನವರಿ 15ರಂದು 202ಕ್ಕೆ 432 ಮತಗಳಿಂದ ಕೆಳಮನೆ ತಿರಸ್ಕರಿಸಿತು. ಮಾರ್ಚ್‌ನಲ್ಲಿ ಮತ್ತೆರಡು ಸಲ ಅದನ್ನೇ ಮುಂದಿಟ್ಟರು, ಮತ್ತೆರಡು ಸಲ ಸೋತರು. ನಡುವೆ ಸಭಾಧ್ಯಕ್ಷರು, ಒಮ್ಮೆ ಬಿದ್ದುಹೋದ ಪ್ರಸ್ತಾವವನ್ನು ಅದೇ ಅಧಿವೇಶನದಲ್ಲಿ ಹಾಗೆಯೇ ಮತ್ತೆ ತರುವಂತಿಲ್ಲವೆಂಬ 1604ರಷ್ಟು ಹಳೆಯ ಸಂಪ್ರದಾಯವನ್ನು ಹೊರತೆಗೆದರು. ಸಂಸದರನ್ನು ಒಂದೇ ಪ್ರಶ್ನೆ ಮೂರು ಸಲ ಕೇಳುವುದು ಪ್ರಜಾಪ್ರಭುತ್ವ, ಜನರನ್ನು ಎರಡನೆಯ ಸಲ ಕೇಳುವುದು ಅದಕ್ಕೆ ಬಗೆಯುವ ದ್ರೋಹ ಎಂಬ ಸೂಕ್ಷ್ಮ ಭೇದ ಆ ದಿನಗಳಲ್ಲಿ ಸ್ಥಾಪಿತವಾಯಿತು. ಮಾರ್ಚ್ 27ರಂದು ಸದನ ತಾನೇ ದಾರಿ ಹುಡುಕಲು ಹೊರಟು ಎಂಟು ಪರ್ಯಾಯಗಳನ್ನು ಮತಕ್ಕೆ ಹಾಕಿತು. ಎಂಟೂ ಬಿದ್ದುಹೋದವು. ಅಲ್ಲಿ ಸೋತದ್ದು ಸಂಸದರ ಬುದ್ಧಿಯೆಂದು ಪತ್ರಿಕೆಗಳು ಬರೆದವು. ವಾಸ್ತವದಲ್ಲಿ ಮತಪತ್ರ ಕೇಳದೆ ಬಿಟ್ಟಿದ್ದ ಪ್ರಶ್ನೆಗಳೇ ಮೂರು ವರ್ಷ ತಡವಾಗಿ ಸದನಕ್ಕೆ ಬಂದು ಕುಳಿತಿದ್ದವು. ಬಳಿಕ ಪ್ರಧಾನಿಯಾದ ಬೋರಿಸ್ ಜಾನ್ಸನ್, ಯಾವ ಪಕ್ಷ ಸೇರುವುದೆಂದು ತಿಳಿಯಲು ಪರ ಒಂದು, ವಿರೋಧ ಒಂದು ಲೇಖನ ಬರೆದು ನೋಡಿದ್ದವರು, ಸಂಸತ್ತನ್ನೇ ಐದು ವಾರ ಮುಚ್ಚಿಸಲು ಹೊರಟರು. ಅದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯದ 11 ನ್ಯಾಯಾಧೀಶರೂ ಒಮ್ಮತದಿಂದ ಹೇಳಿದರು. ಬ್ರೆಕ್ಸಿಟ್ ವಿಷಯದಲ್ಲಿ ಒಮ್ಮತವೆಂಬುದು ಕಂಡದ್ದು ಬಹುಶಃ ಅಂದೊಂದೇ ದಿನ.

ಕಡೆಗೆ 2020ರ ಜನವರಿ 31ರ ರಾತ್ರಿ 11ಕ್ಕೆ, ಬ್ರಸೆಲ್ಸ್‌ನ ನಡುರಾತ್ರಿಯ ಮುಹೂರ್ತದಲ್ಲಿ, ಬ್ರಿಟನ್ ಹೊರಬಂತು. ಹಿಂದಿನ ಗಡುವಾದ 2019ರ ಅಕ್ಟೋಬರ್ 31ರ ದಿನಾಂಕ ಹೊತ್ತ ಸ್ಮರಣಾರ್ಥ ನಾಣ್ಯಗಳನ್ನು ಅಷ್ಟರಲ್ಲಿ ಕರಗಿಸಲಾಗಿತ್ತು. ಹೊಸ ನಾಣ್ಯ ಬಂದಾಗ ಅದರ ಮೇಲಿನ ವಾಕ್ಯದಲ್ಲಿ ಅಲ್ಪವಿರಾಮವೊಂದು ತಪ್ಪಿಹೋಗಿದೆಯೆಂದು ಕಾದಂಬರಿಕಾರ ಫಿಲಿಪ್ ಪುಲ್‌ಮನ್ ತಕರಾರೆತ್ತಿದರು. ಸ್ವಾತಂತ್ರ್ಯದ ಕುರುಹಾಗಿ ಮರಳಿದ ನೀಲಿ ಪಾಸ್‌ಪೋರ್ಟ್ ತಯಾರಾದದ್ದು ಪೋಲೆಂಡಿನಲ್ಲಿ. ಇವೆಲ್ಲ ನಗೆಯ ವಿಷಯಗಳು. ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿದ ಐರ್ಲೆಂಡಿಗೂ ನಡುವಿನ ಗಡಿ ಹಾಗಲ್ಲ: 1998ರ ಶಾಂತಿ ಒಪ್ಪಂದದ ಬಳಿಕ ಕಾವಲು ಕಟ್ಟೆಗಳು ಮಾಯವಾಗಿದ್ದ ಆ ಗಡಿಯಲ್ಲಿ ಮತ್ತೆ ತಪಾಸಣೆ ತರಲಾಗದೆ, ಸರಕಿನ ತಪಾಸಣೆಯನ್ನು ಸಮುದ್ರಕ್ಕೆ ತಳ್ಳಿ, ಒಂದೇ ದೇಶದ ಎರಡು ಭಾಗಗಳ ನಡುವೆ ಸುಂಕದ ಕಾಗದಪತ್ರ ಹುಟ್ಟಿಸಲಾಯಿತು. ಪ್ರಚಾರದ ಯಾವ ಬಸ್ಸಿನ ಮೇಲೂ ಅದರ ಸುಳಿವಿರಲಿಲ್ಲ.

ಈಗಿನ ಸ್ಥಿತಿಯೆಂದರೆ, ಇತ್ತೀಚಿನ ವರ್ಷಗಳ ಸಮೀಕ್ಷೆಗಳಲ್ಲಿ ಹೊರಬಂದದ್ದು ತಪ್ಪಾಯಿತೆನ್ನುವವರೇ ಹೆಚ್ಚಿದ್ದಾರೆ. 2024ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷವಾದರೋ ಏಕ ಮಾರುಕಟ್ಟೆಗೂ ಸುಂಕ ಒಕ್ಕೂಟಕ್ಕೂ ಮರಳುವುದಿಲ್ಲವೆಂದು ಮೊದಲೇ ಮಾತು ಕೊಟ್ಟೇ ಗೆದ್ದಿತು. ಆದ್ದರಿಂದ ಸನ್ಮಾನ್ಯರು ದಯವಿಟ್ಟು ತಮ್ಮ ಮುಖ್ತಿಯಾರ್ ಪತ್ರದ ಊರ್ಜಿತ ಅವಧಿಯನ್ನು ತಿಳಿಸಬೇಕಾಗಿ ಕೋರಲಾಗಿದೆ. ಅದು 1975ರದರಂತೆ 41 ವರ್ಷವೇ, ಬರೆದುಕೊಟ್ಟವರ ಜೀವಿತಾವಧಿಯೇ, ಅಥವಾ ವಕೀಲರಿಗೆ ಅನುಕೂಲವಿರುವವರೆಗೆ ಮಾತ್ರವೇ? ಅಂದು ಮತ ಹಾಕಿದ ಹಿರಿಯರಲ್ಲಿ ಎಷ್ಟೋ ಮಂದಿ ಈಗಿಲ್ಲ, ಅಂದು ಶಾಲೆಯಲ್ಲಿದ್ದವರು ಈಗ ಮತದಾರರು. ಇವರಲ್ಲಿ ಯಾರ ರುಜುವನ್ನು ಸನ್ಮಾನ್ಯರದೆಂದು ಪರಿಗಣಿಸಬೇಕೆಂಬುದನ್ನೂ, ಸಾಧ್ಯವಾದರೆ ಒಂದಕ್ಕಿಂತ ಹೆಚ್ಚು ಪದಗಳಲ್ಲಿ, ತಿಳಿಸುವ ಕೃಪೆ ಮಾಡಬೇಕು.

ವಂದನೆಗಳೊಂದಿಗೆ,
ಅಂದು ಮತಗಟ್ಟೆಗೇ ಹೋಗದ ಸುಮಾರು 1 ಕೋಟಿ 29 ಲಕ್ಷ ಮತದಾರರ ಪರವಾಗಿ,
ಅವರ ಒಪ್ಪಿಗೆ ಪಡೆಯದೆ.