ನಾಳೆಯ ತಾತ್ವಿಕ ನೆಲೆಗಳು: ಒಂದು ಬಹುಶಿಸ್ತೀಯ ಅನುಸಂಧಾನ

ಪ್ರಸ್ತಾವನೆ

ಮುಂದೂಡಿಕೆ ಎಂಬ ವಿದ್ಯಮಾನವನ್ನು ವಸಾಹತೋತ್ತರ, ಆಧುನಿಕೋತ್ತರ ಮತ್ತು ಊಟೋತ್ತರ ಪರಿಪ್ರೇಕ್ಷ್ಯಗಳಲ್ಲಿ ನಿಕಷಕ್ಕೊಡ್ಡಿ, ಅದರ ಅಂತಃಸತ್ವವನ್ನು ಸಂಕಥನದ ಮಟ್ಟದಲ್ಲಿ ನಿರ್ವಚಿಸಿ, ತನ್ಮೂಲಕ ಕಾರ್ಯೈಕಾಗ್ರತೆಯ ಸೈದ್ಧಾಂತಿಕ ಚೌಕಟ್ಟೊಂದನ್ನು ಮರುಕಟ್ಟಿಕೊಳ್ಳುವುದು ಪ್ರಸ್ತುತ ಸಂಪ್ರಬಂಧದ ಘನ ಉದ್ದೇಶ. ಹೀಗೆ ಬರೆಯದಿದ್ದರೆ ಪ್ರಯಾಣಭತ್ಯೆ ಕೊಡುವುದಿಲ್ಲ. ಆದ್ದರಿಂದ ಹಳ್ಳಿಯ ಅಜ್ಜಿಯರು ‘ಮೈಗಳ್ಳತನ’ ಎಂದು ಮುಗಿಸಿಬಿಡುತ್ತಿದ್ದ ಸಂಗತಿಯನ್ನು ಇಲ್ಲಿ ‘ಉದ್ದೇಶಪೂರ್ವಕ ಕಾರ್ಯವಿಲಂಬನ ಪ್ರವೃತ್ತಿ’ ಎಂದೂ, ಮುಂದೆ ಉಸಿರು ಉಳಿಸುವ ದೃಷ್ಟಿಯಿಂದ ‘ಉಕಾವಿಪ್ರ’ ಎಂದೂ ಕರೆಯಲಾಗುವುದು.

ಪೂರ್ವಸೂರಿಗಳ ಸಮೀಕ್ಷೆ

ಉಕಾವಿಪ್ರ ಅಧ್ಯಯನದ ಆದ್ಯರಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಒಬ್ಬರು. 1980ರ ದಶಕದ ಕೊನೆಗೆ, ವಿದ್ಯಾರ್ಥಿಯಾಗಿದ್ದಾಗ, ಓದಿನಲ್ಲಿ ಮನಸ್ಸು ನಿಲ್ಲದೆ ಟೊಮೇಟೊ ಆಕಾರದ ಅಡುಗೆಮನೆ ಗಡಿಯಾರವೊಂದನ್ನು ತಿರುಗಿಸಿಟ್ಟುಕೊಂಡು ಕೂತರು. 25 ನಿಮಿಷ ಕೆಲಸ, 5 ನಿಮಿಷ ಬಿಡುವು. ನಾಲ್ಕು ಸುತ್ತಿಗೊಮ್ಮೆ ದೊಡ್ಡ ಬಿಡುವು. ಇಷ್ಟೇ. ಒಬ್ಬ ಹುಡುಗ ಪರೀಕ್ಷೆಗೆ ಓದಲು ಕಂಡುಕೊಂಡ ಈ ಉಪಾಯ ನಮ್ಮ ಸಭಾಂಗಣ ತಲುಪುವಷ್ಟರಲ್ಲಿ ದೀಪ ಬೆಳಗುವಿಕೆ, ನೆನಪಿನ ಕಾಣಿಕೆ ಮತ್ತು ಮುಗಿಯದ ಸ್ಲೈಡುಗಳನ್ನು ಒಳಗೊಂಡ ಮಹಾಕಾವ್ಯವಾಗಿ ಬೆಳೆದಿದೆ.

ಎರಡನೆಯವರು ಸಿ. ನಾರ್ತ್‌ಕೋಟ್ ಪಾರ್ಕಿನ್ಸನ್. ಕೆಲಸಕ್ಕೆ ಎಷ್ಟು ಕಾಲ ಕೊಟ್ಟರೂ ಅದು ಅಷ್ಟಕ್ಕೂ ಹಿಗ್ಗಿಕೊಳ್ಳುತ್ತದೆ ಎಂದು 1955ರಲ್ಲಿ ‘ದಿ ಎಕನಾಮಿಸ್ಟ್’ನಲ್ಲಿ ಬರೆದವರು. ತರಬೇತುದಾರರು ಇದನ್ನು ಗಂಭೀರ ಮುಖದಿಂದ ‘ನಿಯಮ’ ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಅದು ಗೇಲಿಯ ಬರಹ. ಗೇಲಿ ನಮ್ಮ ನಿಮ್ಮ ಆಲಸ್ಯದ ಮೇಲಲ್ಲ, ಕಚೇರಿಯ ಮೇಲೆ: ಬ್ರಿಟಿಷ್ ನೌಕಾಪಡೆಯ ದೊಡ್ಡ ಯುದ್ಧನೌಕೆಗಳು 1914ರಲ್ಲಿ 62 ಇದ್ದದ್ದು 1928ಕ್ಕೆ 20ಕ್ಕೆ ಇಳಿದಾಗ, ನೌಕಾ ಕಚೇರಿಯ ಅಧಿಕಾರಿಗಳು 2,000ದಿಂದ 3,569ಕ್ಕೆ ಏರಿದ್ದರು ಎಂದು ಅವರು ಲೆಕ್ಕ ಕೊಟ್ಟಿದ್ದರು. ಸಂಸ್ಥೆಯ ಬೆನ್ನಿಗೆಂದು ಹೊಸೆದ ಚಾಟಿಯನ್ನು ಗುಮಾಸ್ತನ ಬೆನ್ನಿಗೆ ತಿರುಗಿಸಿದ್ದು ತರಬೇತಿ ಶಾಸ್ತ್ರದ ಮೂಲ ಕೊಡುಗೆ ಎಂದು ಪ್ರಸ್ತುತ ಸಂಶೋಧಕನ ಅಭಿಮತ.

ಮೂರನೆಯವರು ಸ್ಟ್ಯಾನ್‌ಫರ್ಡ್‌ನ ಜಾನ್ ಪೆರ್ರಿ. ಮುಖ್ಯ ಕೆಲಸವನ್ನು ತಪ್ಪಿಸಿಕೊಳ್ಳಲೆಂದೇ ಉಳಿದೆಲ್ಲ ಕೆಲಸ ಮಾಡಿ ಮುಗಿಸಬಹುದೆಂದು ಸಾಧಿಸಿ 2011ರಲ್ಲಿ ಇಗ್ ನೊಬೆಲ್ ಪಡೆದರು. ಅವರ ಹೆಸರನ್ನು ಯಾವ ತರಬೇತುದಾರರೂ ಎತ್ತುವುದಿಲ್ಲ.

ವರ್ಗೀಕರಣ

ಉಕಾವಿಪ್ರವು ಏಳು ಬಗೆ.

ಮೊದಲನೆಯದು ಪಂಚಾಂಗಾಶ್ರಿತ. ಆಷಾಢ ಕಳೆಯಲಿ ಎನ್ನುವುದು. ಕಳೆದ ಮೇಲೆ ಶ್ರಾವಣದಲ್ಲಿ ಹಬ್ಬಗಳಿವೆ, ನಂತರ ಗಣಪತಿ, ಪಿತೃಪಕ್ಷ, ದಸರಾ ರಜೆ. ವರ್ಷದಲ್ಲಿ ಕೆಲಸಕ್ಕೆ ಪ್ರಶಸ್ತವಾದ ದಿನ ಮಾರ್ಚ್ 31 ಒಂದೇ ಎಂಬುದನ್ನು ಖಜಾನೆಯ ಮುಂದಿನ ಸಾಲು ರುಜುವಾತುಪಡಿಸುತ್ತದೆ.

ಎರಡನೆಯದು ಸಿದ್ಧತಾಪ್ರಧಾನ. ಬರೆಯಲು ಕೂತವನು ಮೊದಲು ಮೇಜು ಒರೆಸುತ್ತಾನೆ, ಆಮೇಲೆ ಪೆನ್ನುಗಳನ್ನೆಲ್ಲ ಗೀಚಿ ನೋಡಿ ಬರೆಯದವನ್ನು ಬೇರೆ ಡಬ್ಬಿಗೆ ಹಾಕುತ್ತಾನೆ, ಮಾಡಬೇಕಾದ ಕೆಲಸಗಳ ಪಟ್ಟಿಗೆ ಬಣ್ಣ ಬಣ್ಣದ ಗೆರೆ ಎಳೆಯುತ್ತಾನೆ. ಅಷ್ಟರಲ್ಲಿ ಕಾಫಿ ಹೊತ್ತಾಗುತ್ತದೆ. ಏಕಾಗ್ರತೆಯ ಆ್ಯಪುಗಳನ್ನು ಹೋಲಿಸಿ ನೋಡುವುದೂ ಇದರ ಉಪಜಾತಿಯೇ.

ಮೂರನೆಯದು ಪರೋಪಕಾರಿ. ಪಕ್ಕದವರ ಮಗನ ಅರ್ಜಿ ತುಂಬಿಕೊಡುವುದು ಇತ್ಯಾದಿ.

ನಾಲ್ಕರಿಂದ ಏಳರವರೆಗೂ ಹೀಗೇ ಎಳೆಯಬಹುದು, ಪುಟ ತುಂಬುತ್ತದೆ. ಬೇಡ. ಇವೆಲ್ಲ ಒಬ್ಬೊಬ್ಬರ ಮೇಜಿನ ಮೇಲೆ ನಡೆದು ಅಲ್ಲೇ ಮುಗಿಯುವಂಥವು. ಇವುಗಳಿಂದ ಯಾರೂ ಉಪವಾಸ ಬಿದ್ದಿಲ್ಲ.

ಕ್ಷೇತ್ರಕಾರ್ಯ

ದತ್ತಾಂಶ ಸಂಗ್ರಹಣೆಗೆ ಆಯ್ದುಕೊಂಡದ್ದು ತಾಲ್ಲೂಕು ಕೇಂದ್ರವೊಂದರಲ್ಲಿ ನೌಕರರಿಗಾಗಿ ನಡೆದ ‘ಸಮಯ ನಿರ್ವಹಣೆ ಮತ್ತು ಏಕಾಗ್ರತೆ’ ಕಾರ್ಯಾಗಾರವನ್ನು. ಆಹ್ವಾನಪತ್ರಿಕೆಯಲ್ಲಿ ಬೆಳಗ್ಗೆ ಹತ್ತು ಎಂದಿತ್ತು. ಉದ್ಘಾಟಕರು ಬಂದದ್ದು ಹನ್ನೆರಡರ ಹತ್ತಿರ. ತರಬೇತುದಾರರು ಎಲ್ಲರಿಗೂ ಕಣ್ಣು ಮುಚ್ಚಿಸಿ, ಬೆಟ್ಟವೊಂದನ್ನು ಕಲ್ಪಿಸಿಕೊಳ್ಳಿ ಎಂದರು. ಫೋನ್ ಆಫ್ ಮಾಡಿ ಎಂದರು. ಮುಂದಿನ ಸಾಲಿನ ಗ್ರಾಮ ಆಡಳಿತ ಅಧಿಕಾರಿಯೊಬ್ಬರು ಮಾಡಲಿಲ್ಲ. ‘ಇಂದೇ ಸಂಜೆಯೊಳಗೆ ವರದಿ’ ಎಂದು ಮೇಲಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಬರುತ್ತಲೇ ಇತ್ತು. ತಮ್ಮ ವೃತ್ತದ ಜೊತೆ ಇನ್ನೊಂದು ವೃತ್ತದ ಪ್ರಭಾರವೂ ಅವರ ತಲೆಗೇ ಕಟ್ಟಿದ್ದರು. ‘ಮನಸ್ಸು ಮರ್ಕಟ’ ಎಂದರು ತರಬೇತುದಾರರು. ಆ ಮನುಷ್ಯನ ಮನಸ್ಸಿಗೇನೂ ಆಗಿರಲಿಲ್ಲ. ಖಾಲಿ ಹುದ್ದೆ ತುಂಬದವರ ಮುಂದೂಡಿಕೆಗೆ ಈತ ಬೆಟ್ಟ ಕಲ್ಪಿಸಿಕೊಳ್ಳುತ್ತ ಕೂರಬೇಕಾಗಿತ್ತು.

ಕೆಳಗಿನ ಅಂತಸ್ತಿನಲ್ಲಿ ಕಚೇರಿ. ಕೌಂಟರಿನ ಮುಂದೆ ಒಬ್ಬಾಕೆ, ಅರವತ್ತು ದಾಟಿರಬಹುದು, ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಹಿಡಿದು ನಿಂತಿದ್ದರು. ಪೌತಿ ಖಾತೆ ಆಗಬೇಕು.

“ಸಾಹೇಬ್ರು ಟ್ರೈನಿಂಗಲ್ಲವ್ರೆ ಕಣಮ್ಮ, ನಾಳೆ ಬಾ.”

“ಓದ್ವಾರನೂ ಇಂಗೇ ಅಂದ್ರಲ್ಲಪ್ಪ.”

ಶಾಸನಶಾಸ್ತ್ರದ ದೃಷ್ಟಿಯಿಂದ ಈ ‘ನಾಳೆ ಬಾ’ ಮಹತ್ವದ್ದು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ರಾತ್ರಿ ಬಾಗಿಲು ತಟ್ಟುವ ದೆವ್ವದ ಸುದ್ದಿ ಹಬ್ಬಿ, ಜನ ತಮ್ಮ ಬಾಗಿಲ ಮೇಲೆ ಇದನ್ನೇ ಬರೆದಿದ್ದರು; ದೆವ್ವ ಓದಿಕೊಂಡು ಹಿಂದಿರುಗಿ, ಮಾರನೆಯ ದಿನ ಬಂದು ಮತ್ತೆ ಓದುತ್ತಿತ್ತಂತೆ. ಅಂದು ಮನೆಯವರು ದೆವ್ವಕ್ಕೆ ಹೇಳಿದ್ದನ್ನು ಇಂದು ಕೌಂಟರು ಮನುಷ್ಯರಿಗೆ ಹೇಳುತ್ತದೆ. ದೆವ್ವಕ್ಕಾದರೂ ಬಸ್ ಚಾರ್ಜಿರಲಿಲ್ಲ, ಬಿಟ್ಟುಬಂದ ಕೂಲಿಯಿರಲಿಲ್ಲ. ಪಹಣಿಯಲ್ಲಿ ಸತ್ತವನ ಹೆಸರೇ ಇರುವವರೆಗೆ ಆಕೆಯ ಹೆಸರಿಗೆ ಬೆಳೆಸಾಲ ಹುಟ್ಟದು, ಮಳೆ ಕೈಕೊಟ್ಟರೆ ಪರಿಹಾರ ಬಾರದು. ಇದಕ್ಕೆ ಯಾವ ಮನಶ್ಶಾಸ್ತ್ರ ಹೆಸರಿಟ್ಟಿದೆ? ಹುಡುಗ ಹೋಂವರ್ಕ್ ಮುಂದೂಡಿದರೆ ದೋಷ, ಗುಮಾಸ್ತ ಮುಂದೂಡಿದರೆ ಕಾರ್ಯಾಗಾರ. ಕಡತ ಮೂರು ಮೇಜಿನ ಮೇಲೆ ‘ಪರಿಶೀಲಿಸಿ ಮಂಡಿಸಿ’, ‘ಚರ್ಚಿಸಿ’, ‘ನಿಯಮಾನುಸಾರ ಕ್ರಮವಹಿಸಿ’ ಎಂದು ಮಲಗಿ ಮಲಗಿ ಏಳುವುದು ಮಾತ್ರ ಆಡಳಿತ.

ಇಪ್ಪತ್ತೈದರ ಸಿದ್ಧಾಂತ

ಸರ್ಕಾರಕ್ಕೂ ಇದು ತಿಳಿಯದ್ದೇನಲ್ಲ. ನಾಗರಿಕರಿಗೆ ಸೇವೆ ಖಾತರಿಪಡಿಸುವ ಕಾಯ್ದೆಯನ್ನು 2011ರಲ್ಲಿ ಮಾಡಿ, 2012ರ ಏಪ್ರಿಲ್‌ನಲ್ಲಿ ‘ಸಕಾಲ’ವನ್ನು ಆರಂಭಿಸಿ, ಇಂದು ನಾಳೆ ಎನ್ನುವ ಕಾಲ ಮುಗಿಯಿತೆಂದು ಸಾರಿತು. ಒಳ್ಳೆಯ ಕಾನೂನು, ಅಣಕವಿಲ್ಲದೆ ಹೇಳುತ್ತೇನೆ. ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಗರಿಷ್ಠ 500, ತಪ್ಪು ಮಾಡಿದ ನೌಕರರಿಂದಲೇ ವಸೂಲಿ. ಇಲ್ಲಿ ಸಂಶೋಧಕ ಭಾಗಾಕಾರ ಮಾಡಬೇಕಾಗುತ್ತದೆ. ಐನೂರನ್ನು ಇಪ್ಪತ್ತರಿಂದ ಭಾಗಿಸಿದರೆ 25. ಸಿರಿಲ್ಲೊ ಪ್ರಕಾರ 25 ನಿಮಿಷದ ಬಳಿಕ ಕೆಲಸಕ್ಕೆ ಬಿಡುವು. ನಮ್ಮ ಪ್ರಕಾರ 25 ದಿನದ ಬಳಿಕ ವಿಳಂಬ ಪುಕ್ಕಟೆ. ಇಪ್ಪತ್ತಾರನೆಯ ದಿನವೂ ಇನ್ನೂರ ಅರವತ್ತನೆಯ ದಿನವೂ ಒಂದೇ ದರದವು. ಅಷ್ಟೂ ಬೇಡವೆಂದರೆ ಗಡುವಿನ ಕೊನೆಯ ದಿನ ‘ದಾಖಲೆ ಅಪೂರ್ಣ’ ಎಂದು ಅರ್ಜಿ ತಿರಸ್ಕರಿಸಿದರಾಯಿತು. ಲೆಕ್ಕದ ಪ್ರಕಾರ ಅದು ಸಕಾಲದಲ್ಲಿ ವಿಲೇವಾರಿ.

ಆಕೆಗೆ ಆ ಐನೂರು ಸಿಗುತ್ತದೆಯೇ ಎಂದು ಕೌಂಟರಿನ ಹುಡುಗನನ್ನು ಕೇಳಿದೆ. ಸಿಗುತ್ತದೆ ಸಾರ್ ಎಂದ. ಅದಕ್ಕೆ ಬೇರೆ ಅರ್ಜಿ ಕೊಡಬೇಕಂತೆ, ಆಕೆಯೇ ಬರಬೇಕಂತೆ.