ಗಡಿಯಾಚೆ ಒಂದು ದಿನ

"ಕೋಪನ್‌ಹೇಗನ್‌ನವರು ಬೆಳಿಗ್ಗೆ ರೈಲು ಹತ್ತಿ ಸ್ವೀಡನ್ನಿಗೆ ಹೋಗಿ ಸಂಜೆ ವಾಪಸ್ ಬರ್ತಾರಂತೆ. ನಾವೂ ಈ ಡಿಸೆಂಬರಲ್ಲಿ ಗಡಿ ದಾಟುವ ಮಾರಾಯ್ತಿ."

"ಎಲ್ಲಿಗೆ?"

"ತಲಪಾಡಿ ದಾಟಿ ಬೇಕಲ ಕೋಟೆಗೆ."

"ಮತ್ತೆ ಈ ಸ್ವೆಟರ್ ಎಂತಕ್ಕೆ? ಬೆವರು ಒರೆಸ್ಲಿಕ್ಕಾ?"

"ಚಳಿಗಾಲ ಅಲ್ವಾ! ಮಲಯಾಳಂ ಕಲಿಯುವ ಪುಸ್ತಕವೂ ತಂದಿದ್ದೇನೆ."

"ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಎದುರು ನಿಂತು ಮಲಯಾಳಂ ಮಾತಾಡ್ತೀರಾ? ಆ ಕೋಟೆಯೂ ಕೆಳದಿ ನಾಯಕರದ್ದು. ಕಾಸರಗೋಡು ಕೇರಳಕ್ಕೆ ಹೋದದ್ದೇ 1956ರಲ್ಲಿ."

"ಹಾಗಾದ್ರೆ 'ಫಾರಿನ್ ಟ್ರಿಪ್' ಅಂತ ಸ್ಟೇಟಸ್ ಹಾಕುವುದು ಹೇಗೆ?"

"ಅಷ್ಟು ಆಸೆಯಿದ್ರೆ ದಾರಿಯಲ್ಲೇ ಕುಂಬಳೆ, ನನ್ನ ತವರು. ಅಲ್ಲಿಗೆ ಮಾತ್ರ ನಿಮಗೆ ಪುರುಸೊತ್ತಿಲ್ಲ!"

(ಇಲ್ಲಿ ಗಂಡ ಮೌನವಾಗಿ ಸ್ವೆಟರ್ ಮಡಚಿದ.)

2020ರ ಲಾಕ್‌ಡೌನಿನಲ್ಲಿ ತಲಪಾಡಿ ಗಡಿ ಮುಚ್ಚಿತ್ತು ನಿಜ. ಈಗ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಕಾಸರಗೋಡಿಗೆ ದಿನವಿಡೀ ಬಸ್ಸಿದೆ. ಅತ್ತೆಮನೆಗೆ ವೀಸಾ ಬೇಡ.